ಅಕ್ಕ ಮಾತಿನಮಲ್ಲಿ, ತಮ್ಮನಿಗೆ ಮಾತೇ ಇಲ್ಲ

ಪ್ರಶ್ನೆ: ನಮ್ಮೂರು ಬಾಗಲಕೋಟೆ ಜಿಲ್ಲೆಯ ರಬಕವಿ. ಮನೆಯವರು ಸೂರತ್‌ನ ಉಧ್ನಾದಲ್ಲಿ ಪವರ್‌ಲೂಮ್ ಕಾರ್ಖಾನೆಯ ಕೆಲಸದಲ್ಲಿದ್ದಾರೆ. ಮಗಳಿಗೆ ಏಳು ವರ್ಷ. ಅವಳು ಊರಲ್ಲೇ ಹುಟ್ಟಿ ಮೂರು ವರ್ಷ ಅಲ್ಲೇ ಬೆಳೆದಳು. ಎರಡು ತುಂಬುವಾಗ ಅರಳು ಹುರಿದಂತೆ ಮಾತಾಡುತ್ತಿದ್ದಳು. ಮಗ ಹುಟ್ಟಿದ್ದು ಇಲ್ಲಿ. ಈಗ ಎರಡು ವರ್ಷ ನಾಲ್ಕು ತಿಂಗಳು. ಕನ್ನಡದ ಹದಿನೈದು ಪದ ಬರುತ್ತವೆ, ಅಷ್ಟೇ. ಕೆಲವು ಸಲ ಉದ್ದಕ್ಕೆ ಏನೋ ರಾಗವಾಗಿ ಹೇಳುತ್ತಾನೆ, ‘ಯಾರ್ಬಂದ್ರು’ ಅಂದ ಹಾಗೆ ಕೇಳಿಸುತ್ತದೆ. ಹೇಳಿದ್ದು ಮಾತ್ರ ತಿಳಿಯುತ್ತದೆ. ಅತ್ತೆಯವರು ‘ಅವರಪ್ಪನೂ ಹಿಂಗೇ ಇದ್ದ, ಗಂಡುಹುಡುಗರು ತಡ’ ಅನ್ನುತ್ತಾರೆ. ಪಕ್ಕದ ಮನೆಯವರು ‘ಕನ್ನಡ ಬಿಡಿ, ಗುಜರಾತಿ ಒಂದೇ ಮಾತಾಡಿ’ ಅನ್ನುತ್ತಾರೆ. ನನ್ನದೇ ತಪ್ಪೇನೋ ಅನ್ನಿಸಿ ನಿದ್ದೆ ಬರುತ್ತಿಲ್ಲ.
— ಹೆಸರು ಬೇಡ, ಉಧ್ನಾ

ಉತ್ತರ: ತಪ್ಪು ನಿಮ್ಮದಲ್ಲ. ಹಾಗಂತ ಅತ್ತೆಯವರ ಮಾತು ಕೇಳಿ ಸುಮ್ಮನಿರುವುದೂ ಬೇಡ. ಪಕ್ಕದ ಮನೆಯವರ ಸಲಹೆಯನ್ನಂತೂ ಪೂರ್ತಿ ಮರೆತುಬಿಡಿ.

ಅಕ್ಕ–ತಮ್ಮ ಇಬ್ಬರೂ ನಿಮ್ಮ ಮಕ್ಕಳೇ. ಆದರೆ ಇಬ್ಬರೂ ಒಂದೇ ಮನೆಯಲ್ಲಿ ಮಾತು ಕಲಿತವರಲ್ಲ. ಮಗಳು ಕಣ್ಣು ಬಿಟ್ಟಿದ್ದು ಬಹುಶಃ ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ತುಂಬಿದ ಮನೆಯಲ್ಲಿ. ಮೊದಲ ಕೂಸು, ಎತ್ತಿಕೊಂಡವರೆಲ್ಲ ಅವಳ ಮುಖ ನೋಡಿಕೊಂಡೇ ಮಾತಾಡಿದ್ದಾರೆ, ಅದೂ ಒಂದೇ ಭಾಷೆಯಲ್ಲಿ. ಮಗನ ಪಾಲಿಗೆ ಇರುವುದು ಬಹುಶಃ ಒಂದು ಖೋಲಿ, ಪಾಳಿಯಲ್ಲಿ ದುಡಿದು ಹಗಲು ಮಲಗುವ ಅಪ್ಪ, ಮತ್ತು ಅವನು ಬಾಯಿ ತೆರೆಯುವ ಮೊದಲೇ ‘ಅವ್ವಾ, ಅವನಿಗೆ ನೀರು ಬೇಕಂತೆ’ ಎಂದು ವಕಾಲತ್ತು ವಹಿಸುವ ಅಕ್ಕ. ಬಾಗಿಲಾಚೆ ಗುಜರಾತಿ, ಮರಾಠಿ, ಒಡಿಯಾ, ಹಿಂದಿ. ಓಣಿಯಲ್ಲೇ ಮಗ್ಗಗಳಿದ್ದರೆ ಅವುಗಳ ಸದ್ದು ಬೇರೆ. ಹಿನ್ನೆಲೆಯಲ್ಲಿ ಗದ್ದಲವಿದ್ದರೆ ಎರಡು ವರ್ಷದ ಮಕ್ಕಳಿಗೆ ಹೊಸ ಪದ ಹಿಡಿಯುವುದು ಕಷ್ಟವೆಂದು ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ದಿನವಿಡೀ ಯಾರೂ ನೋಡದೆ ಓಡುವ ಟಿವಿಯೂ ಗದ್ದಲವೇ.

ಇಷ್ಟಾದರೂ ಎಲ್ಲವೂ ಸುತ್ತಲಿನವರ ಕೈಯಲ್ಲಿಲ್ಲ. ಹಾರ್ವರ್ಡ್‌ನ ಮನೋವಿಜ್ಞಾನಿ ರೋಜರ್ ಬ್ರೌನ್ ಆಡಮ್, ಈವ್, ಸಾರಾ ಎಂಬ ಮೂರು ಮಕ್ಕಳ ಮಾತನ್ನು ತಿಂಗಳುಗಟ್ಟಲೆ ದಾಖಲಿಸಿ 1973ರಲ್ಲಿ ಪುಸ್ತಕ ಬರೆದರು. ಈವ್ ಎರಡೂಕಾಲು ವರ್ಷಕ್ಕೆ ಮುಟ್ಟಿದ ಮಾತಿನ ಹಂತವನ್ನು ಉಳಿದಿಬ್ಬರು ಮುಟ್ಟಿದ್ದು ಮೂರೂವರೆ–ನಾಲ್ಕರ ಹೊತ್ತಿಗೆ. ಮೂವರೂ ಆರೋಗ್ಯವಂತರು, ಮೂವರೂ ವ್ಯಾಕರಣದ ಮೆಟ್ಟಿಲುಗಳನ್ನು ಹತ್ತಿದ ಕ್ರಮ ಹೆಚ್ಚುಕಡಿಮೆ ಒಂದೇ. ಇಂಗ್ಲಿಷ್ ಮಾತಾಡುವ ಮಕ್ಕಳ ಮೇಲೆ ನಡೆದ ಇನ್ನೊಂದು ದೊಡ್ಡ ಲೆಕ್ಕದಲ್ಲಿ ಎರಡು ವರ್ಷದ ಮಗು ಆಡುವ ಪದಗಳ ಸರಾಸರಿ ಸುಮಾರು 300. ಆದರೆ ಹಿಂದಿನ ಸಾಲಿನ ಶೇ. 10 ಮಕ್ಕಳ ಬಳಿ ಇದ್ದದ್ದು 60ಕ್ಕಿಂತ ಕಡಿಮೆ, ಮುಂದಿನ ಸಾಲಿನ ಶೇ. 10 ಮಕ್ಕಳ ಬಳಿ 500ಕ್ಕೂ ಹೆಚ್ಚು. ಹೆಣ್ಣುಮಕ್ಕಳು ತುಸು ಮುಂದಿರುವುದು ನಿಜ, ಆದರೆ ಆ ಅಂತರ ತೀರ ಸಣ್ಣದು. ಗಂಡು ಎಂಬ ಒಂದೇ ಕಾರಣ ಇಷ್ಟು ತಡಕ್ಕೆ ಸಾಲದು. ಇನ್ನು ಅಪ್ಪನಿಗೂ ತಡವಾಗಿತ್ತೆಂಬ ಮಾತು. ಮಾತಿನ ತಡ ವಂಶದಲ್ಲಿ ಬರುವುದುಂಟು. ಹಾಗಾಗಿ ಅದು ಸಮಾಧಾನಕ್ಕಿಂತ ಹೆಚ್ಚಾಗಿ ವೈದ್ಯರ ಕಿವಿಗೆ ಹಾಕಬೇಕಾದ ಸುದ್ದಿ.

ನನ್ನ ಗಮನ ಸೆಳೆದದ್ದು ಆ ‘ಯಾರ್ಬಂದ್ರು’. ಕೆಲವು ಮಕ್ಕಳು ಬಿಡಿ ಪದಗಳಿಂದ ಹೊರಡುತ್ತವೆ: ಹಾಲು, ಚೆಂಡು, ನಾಯಿ. ನಿಮ್ಮ ಮಗಳು ಹೀಗೆಯೇ ಇದ್ದಿರಬೇಕು. ಇನ್ನು ಕೆಲವು ಇಡೀ ಮಾತಿನ ರಾಗವನ್ನೇ ಮುದ್ದೆಯಾಗಿ ನುಂಗಿ, ಆಮೇಲೆ ನಿಧಾನಕ್ಕೆ ಬಿಡಿಸಿಕೊಳ್ಳುತ್ತವೆ. ಮನೋವಿಜ್ಞಾನಿ ಕ್ಯಾಥರೀನ್ ನೆಲ್ಸನ್ 1973ರಲ್ಲೇ, 18 ಮಕ್ಕಳನ್ನು ಗಮನಿಸಿ, ಇಂಥ ಎರಡು ಜಾಡುಗಳನ್ನು ಗುರುತಿಸಿದ್ದರು. ಎರಡನೆಯ ಜಾಡಿನ ಮಗುವಿನ ಮಾತು ಅರ್ಥವಾಗಲು ಹೆಚ್ಚು ಕಾಲ ಬೇಕು, ಮನೆಯವರು ಅದನ್ನು ಪದವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕದ ತಟ್ಟಿದಾಗಲೇ ಅವನು ‘ಯಾರ್ಬಂದ್ರು’ ಅನ್ನುತ್ತಾನಾ ನೋಡಿ. ಹೌದಾದರೆ ಅದೂ ಮಾತೇ.

ಲೆಕ್ಕದಲ್ಲಿ ಇನ್ನೊಂದು ತಪ್ಪಿದೆ. ಕನ್ನಡದ ಪದಗಳನ್ನಷ್ಟೇ ಎಣಿಸಿದ್ದೀರಿ. ಗುಜರಾತಿಯ ‘ಪಾಣಿ’, ‘ನಥಿ’, ‘ಆವೋ’ ಎಲ್ಲಿ ಹೋದವು? ಸೂರತ್‌ನ ಮಗುವಿಗೆ ‘ಲೋಚೊ’ ತಿಂಡಿಯ ಹೆಸರು ಬರುವುದಿಲ್ಲವೆಂದರೆ ನಾನು ನಂಬುವುದಿಲ್ಲ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿನ ಪದಗಳನ್ನು ಎಲ್ಲ ಭಾಷೆ ಸೇರಿಸಿಯೇ ಎಣಿಸಬೇಕು. ಒಂದು ವಾರ ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಬರೆಯುತ್ತಾ ಹೋಗಿ. ‘ಪಾಣಿ ಬೇಕು’ ಎಂದರೆ ಕಲಬೆರಕೆ ಅಂತ ಗದರಬೇಡಿ. ಎರಡು ಪದ ಜೋಡಿಸಿದ ಅಂತ ಬರೆದುಕೊಳ್ಳಿ.

ಆ ಪಟ್ಟಿ ಏಕೆ ಕೇಳುತ್ತಿದ್ದೇನೆಂದರೆ, ಎರಡು ವರ್ಷಕ್ಕೆ ಎಲ್ಲ ಸೇರಿ 50 ಪದ ದಾಟದೆ, ಎರಡು ಪದ ಜೋಡಿಸದೆ ಇದ್ದರೆ ಮಗುವನ್ನು ತೋರಿಸಬೇಕೆಂಬುದು ವಾಕ್‌ ತಜ್ಞರು ಬಳಸುವ ಅಳತೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಸರಿಹೋಗುತ್ತಾರೆ. ಯಾರು ಸರಿಹೋಗುತ್ತಾರೆಂದು ಮೊದಲೇ ಹೇಳಲು ಮಾತ್ರ ಅಜ್ಜಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಹೇಳಿದ್ದು ತಿಳಿಯುತ್ತದೆ ಎಂದಿದ್ದೀರಿ, ಅದು ತುಂಬಾ ಒಳ್ಳೆಯ ಲಕ್ಷಣ. ಆದರೂ ಒಮ್ಮೆ ಪರೀಕ್ಷಿಸಿ: ಕೈಯಿಂದ ತೋರಿಸದೆ, ಕಣ್ಣಿನಿಂದಲೂ ಸನ್ನೆ ಮಾಡದೆ, ‘ಅಕ್ಕನ ಚಪ್ಪಲಿ ತೊಗೊಂಬಾ’ ಅನ್ನಿ. ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆಯಿರಿ. ತನಗೆ ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತಾನಾ, ಮೊದಲು ಬರುತ್ತಿದ್ದ ಪದ ಯಾವುದಾದರೂ ನಿಂತುಹೋಗಿದೆಯಾ ಗಮನಿಸಿ. ಇವುಗಳಲ್ಲಿ ಒಂದರಲ್ಲಿ ಅನುಮಾನ ಬಂದರೂ ಒಂದು ದಿನವೂ ತಡ ಮಾಡಬೇಡಿ.

ಅನುಮಾನ ಬರದಿದ್ದರೂ ಕಿವಿ ಪರೀಕ್ಷೆ ಮಾತ್ರ ಆಗಲೇಬೇಕು. ನೆಗಡಿ ಮೇಲೆ ನೆಗಡಿಯಾಗಿ ನಡುಗಿವಿಯಲ್ಲಿ ನೀರು ನಿಂತರೂ ಮಗುವಿಗೆ ಮಾತು ಮಸುಕಾಗಿ ಕೇಳಿಸುತ್ತದೆ. ಕರೆದರೆ ತಿರುಗುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಉಧ್ನಾದಿಂದ ಮಜೂರಾ ಗೇಟ್‌ನ ನ್ಯೂ ಸಿವಿಲ್ ಆಸ್ಪತ್ರೆ ದೂರವಿಲ್ಲ, ಅಲ್ಲಿನ ಕಿವಿ–ಮೂಗು–ಗಂಟಲು ವಿಭಾಗಕ್ಕೆ ಹೋಗಿ. ಅಂಗನವಾಡಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಯಾವಾಗ ಬರುತ್ತದೆಂದೂ ವಿಚಾರಿಸಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮಾತಿನ ತಡ, ಕಿವಿಯ ದೋಷ ಎರಡರ ತಪಾಸಣೆಯೂ ಸೇರಿದೆ. ಊರಿಗೆ ಹೋದಾಗ ಕನ್ನಡದಲ್ಲೇ ಪರೀಕ್ಷೆ ಮಾಡಿಸಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಊರಿಗೆ ಹೋಗುವ ತನಕ ಕಾಯಬೇಡಿ.

ಕನ್ನಡ ಬಿಡಬೇಡಿ. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸೂರತ್ ಪಾಲಿಕೆಯ ವ್ಯಾಪ್ತಿಯಲ್ಲಿ ಒಡಿಯಾ, ತೆಲುಗು, ಮರಾಠಿ ಮಾಧ್ಯಮದ ಶಾಲೆಗಳಿವೆ, ಕನ್ನಡದ್ದಿಲ್ಲ. ಗುಜರಾತಿಯನ್ನು ಓಣಿಯೇ ಕಲಿಸುತ್ತದೆ. ಕನ್ನಡಕ್ಕೆ ನಿಮ್ಮ ಮನೆ ಬಿಟ್ಟರೆ ಬೇರೆ ಮಡಿಲಿಲ್ಲ. ನಿಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಮಾತಾಡಲು ಹೊರಟರೆ ನೀವು ಆಡುವುದೇ ಕಡಿಮೆಯಾಗುತ್ತದೆ. ಅವನಿಗೆ ಬೇಕಾಗಿರುವುದು ಹೆಚ್ಚು ಮಾತು. ರೊಟ್ಟಿ ಬಡಿಯುವಾಗ ಎದುರಿಗೆ ಕೂರಿಸಿಕೊಂಡು ಹಿಟ್ಟು, ನೀರು, ಹಂಚು, ಬಿಸಿ ಎಂದು ಹೇಳುತ್ತಾ ಹೋಗಿ. ‘ಹೇಳು, ಹೇಳು’ ಎಂದು ಪೀಡಿಸಬೇಡಿ. ಅವನು ‘ಹಾಲು’ ಅಂದರೆ ನೀವು ‘ಬಿಸಿ ಹಾಲು ಬೇಕಾ?’ ಅನ್ನಿ, ಅಷ್ಟು ಸಾಕು. ಮಗಳಿಗೆ ಮಾತ್ರ ಒಂದು ಕೆಲಸ ಕೊಡಿ: ತಮ್ಮ ಏನಾದರೂ ಕೇಳುವಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಆಮೇಲೆ ಬಾಯಿ ಬಿಡಬೇಕು ಅಂತ.

ಆಸ್ಪತ್ರೆಗೆ ಈ ವಾರವೇ ಹೋಗಿ. ಪದಗಳ ಪಟ್ಟಿ ಅಷ್ಟರಲ್ಲಿ ಎಷ್ಟಾಗಿದೆಯೋ ಅಷ್ಟನ್ನೂ ಜೊತೆಗೆ ಒಯ್ಯಿರಿ, ಪರೀಕ್ಷೆಯಲ್ಲಿ ಏನು ಹೇಳಿದರೆಂದು ಬರೆಯಿರಿ.