ವಾಹನದ ತೊಳೆತ ಮತ್ತು ಮೇಣ: ಸಾಮಗ್ರಿಗಳ ಆಯ್ಕೆ ಹೇಗಿರಬೇಕು?

ಸರಕು ಸಾಗಿಸುವ ವ್ಯಾನು, ವಸೂಲಿಗೆ ಓಡಾಡುವ ದ್ವಿಚಕ್ರ ವಾಹನ, ಮನೆಯ ಕಾರು ಇವೆಲ್ಲವೂ ವ್ಯಾಪಾರಸ್ಥನ ಬಂಡವಾಳದ ಭಾಗಗಳೇ ಆಗಿವೆ. ಇವುಗಳ ಇಂಧನ, ಟೈರು, ವಿಮೆಗಳಿಗೆ ನಾವು ತಪ್ಪದೆ ಲೆಕ್ಕವಿಡುತ್ತೇವೆ. ಆದರೆ ವಾಹನವನ್ನು ಮಾರುವ ದಿನ ಬಂದಾಗ ಕೊಳ್ಳುವವನ ಕಣ್ಣು ಮೊದಲು ಬೀಳುವುದು ಅದರ ಮೈಬಣ್ಣದ ಮೇಲೆ. ಆ ಬಣ್ಣವನ್ನು ಬಿಸಿಲು ಮಳೆಗಳು ಕೆಡಿಸುವುದು ನಿಜ. ಆದರೆ ಭಾನುವಾರದ ಬೆಳಿಗ್ಗೆ ಬಕೆಟ್ಟು ಹಿಡಿದು ನಾವೇ ಮಾಡುವ ಹಾನಿಯೂ ಅದಕ್ಕಿಂತ ಕಡಿಮೆಯದಲ್ಲ.

ಈ ವಿಷಯದಲ್ಲಿ ನಮ್ಮ ಸದಸ್ಯರ ಹಿತಾಸಕ್ತಿ ಎರಡು ಬಗೆಯದು. ಹಲವರು ಈ ಸಾಮಗ್ರಿಗಳನ್ನು ಕೊಳ್ಳುವವರು. ಕೆಲವರು ಅವನ್ನು ತಯಾರಿಸುವವರು, ಇಲ್ಲವೇ ಮಾರುವವರು. ಇಬ್ಬರೂ ತಿಳಿದಿರಬೇಕಾದ ಸಂಗತಿ ಒಂದೇ: ತೊಳೆಯುವ ಅಥವಾ ಹೊಳಪು ಕೊಡುವ ಪದಾರ್ಥದ ಯೋಗ್ಯತೆಯನ್ನು ಅದರ ನೊರೆಯಿಂದಾಗಲಿ, ಮೊದಲ ದಿನದ ಮಿರುಗಿನಿಂದಾಗಲಿ ಅಳೆಯಲಾಗದು. ಅದು ಬಣ್ಣದಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದೇ ಅಳತೆಗೋಲು.

ಕಾಪಾಡಬೇಕಾದದ್ದು ಯಾವುದು?

ಇಂದಿನ ಕಾರಿನ ಉಕ್ಕಿನ ಮೈಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣದ ಪದರ, ಎಲ್ಲಕ್ಕೂ ಮೇಲೆ ಗ್ಯಾರೇಜಿನವರು ಕ್ಲಿಯರ್ ಕೋಟ್ ಎನ್ನುವ ಪಾರದರ್ಶಕ ಪದರ ಇರುತ್ತವೆ. ಇವೆಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್ ಮಾತ್ರ. ಅದರಲ್ಲಿ ಪಾರದರ್ಶಕ ಪದರದ ಪಾಲು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಅಂಶ ಇರುವುದು ಈ ಪದರದಲ್ಲೇ. ಇದು ಸವೆದರೆ ಮತ್ತೆ ಬೆಳೆಯುವುದಿಲ್ಲ. ಬಾನೆಟ್ಟಿನ ಮೇಲೆ ಬಿಳಿಯ ಚಕ್ಕೆ ಎದ್ದ ಮೇಲೆ ಯಾವ ಮೇಣವೂ ಅದನ್ನು ಸರಿಪಡಿಸಲಾರದು, ಮರುಬಣ್ಣವೊಂದೇ ಗತಿ.

ಹಳೆಯ ವಾಹನಗಳಲ್ಲೂ ಹಲವು ಸರಕು ವಾಹನಗಳಲ್ಲೂ ಪಾರದರ್ಶಕ ಪದರವಿಲ್ಲದ ಒಂದೇ ಬಣ್ಣವಿರುತ್ತದೆ. ಅಂತಹ ಮೈಯನ್ನು ಪಾಲಿಶ್ ಹಚ್ಚಿ ಉಜ್ಜಿದರೆ ಬಟ್ಟೆಗೆ ವಾಹನದ ಬಣ್ಣವೇ ಹತ್ತುತ್ತದೆ. ಇದನ್ನು ಕಂಡು ಕೊಳೆ ಬಂತೆಂದು ಸಂತೋಷಪಡುವವರಿದ್ದಾರೆ. ಬರುತ್ತಿರುವುದು ಬಣ್ಣವೆಂಬುದನ್ನು ಅವರು ಮನಗಾಣಬೇಕು.

ತೊಳೆಯುವ ದ್ರವ

ಬಟ್ಟೆ ಒಗೆಯುವ ಪುಡಿಯನ್ನೋ ಪಾತ್ರೆ ತಿಕ್ಕುವ ಬಿಲ್ಲೆಯನ್ನೋ ವಾಹನಕ್ಕೆ ಬಳಸುವ ರೂಢಿ ಇನ್ನೂ ಹೋಗಿಲ್ಲ. ಒಗೆಯುವ ಪುಡಿಯಲ್ಲಿ ವಾಷಿಂಗ್ ಸೋಡಾದಂತಹ ಕ್ಷಾರವಿದ್ದು, ಅದರ ದ್ರಾವಣದ ಪಿಎಚ್ ಸಾಮಾನ್ಯವಾಗಿ 10ರ ಆಸುಪಾಸಿನಲ್ಲಿರುತ್ತದೆ. ಜಿಡ್ಡನ್ನು ಕಿತ್ತುಹಾಕುವುದೇ ಅದರ ಕೆಲಸವಾದುದರಿಂದ ಹಚ್ಚಿದ ಮೇಣವನ್ನೂ ಅದು ಬಿಡುವುದಿಲ್ಲ. ಪಾತ್ರೆಯ ಬಿಲ್ಲೆಯ ಕಥೆ ಇನ್ನೂ ಕಷ್ಟದ್ದು: ಸ್ಟೀಲು ಪಾತ್ರೆಯ ಕರೆ ಬಿಡಿಸಲೆಂದು ಅದರಲ್ಲಿ ಬೆರೆಸಿದ ಖನಿಜದ ಪುಡಿ ಕಾರಿನ ಮೈಮೇಲೆ ಮರಳು ಕಾಗದದ ಕೆಲಸ ಮಾಡುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸುವುದು ದ್ವಿಚಕ್ರ ವಾಹನದವರಲ್ಲಿ ಹೆಚ್ಚು. ಆ ಕ್ಷಣಕ್ಕೆ ಮಿರುಗು ಬರುತ್ತದೆ, ಆದರೆ ಉಳಿದ ಎಣ್ಣೆಯ ಅಂಶ ಧೂಳನ್ನು ಹಿಡಿದಿಡುತ್ತದೆ ಮತ್ತು ರಬ್ಬರಿನ ಭಾಗಗಳನ್ನು ಉಬ್ಬಿಸಿ ಕೆಡಿಸುತ್ತದೆ.

ವಾಹನಕ್ಕೆಂದೇ ತಯಾರಿಸಿದ ಶಾಂಪೂವಿನ ಪಿಎಚ್ 7ರ ಸಮೀಪದಲ್ಲಿರಬೇಕು. ಅದಕ್ಕೂ ಮುಖ್ಯವಾದುದು ಜಾರಿಕೆಯ ಗುಣ. ಮೈಮೇಲೆ ಕುಳಿತ ಧೂಳಿನ ಕಣವನ್ನು ದ್ರವವು ಸುತ್ತಿಕೊಂಡು, ಗೀರು ಮಾಡದಂತೆ ಜಾರಿಸಿ ಕೆಳಗಿಳಿಸಬೇಕು. ನೊರೆಗೂ ಈ ಗುಣಕ್ಕೂ ನೇರ ಸಂಬಂಧವಿಲ್ಲ. ದ್ರವವು ಗಟ್ಟಿಯಾಗಿ ಸುರಿದರೆ ಅದರಲ್ಲಿ ಸತ್ವ ಹೆಚ್ಚೆಂದು ನಂಬುವುದೂ ತಪ್ಪು. ಶಾಂಪೂ ತಯಾರಿಕೆಯಲ್ಲಿ ಹೆಚ್ಚಾಗಿ ಬಳಸುವ ಎಸ್‌ಎಲ್‌ಇಎಸ್ ಎಂಬ ಪದಾರ್ಥದ ತೆಳು ದ್ರಾವಣಕ್ಕೆ ಅಡುಗೆ ಉಪ್ಪು ಬೆರೆಸಿದರೆ ಅದು ಜೇನಿನಂತೆ ಗಟ್ಟಿಯಾಗುತ್ತದೆ. ಮಿತಿ ಮೀರಿ ಬೆರೆಸಿದರೆ ಪುನಃ ತೆಳುವಾಗುತ್ತದೆ. ಈ ಉದ್ಯಮದಲ್ಲಿರುವವರಿಗೆ ಇದು ಹೊಸ ಸಂಗತಿಯಲ್ಲ, ಗ್ರಾಹಕನಿಗೆ ಮಾತ್ರ ಹೊಸದು.

ಪಿಎಚ್ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಪ್ರಯೋಗಾಲಯ ಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುವ ಪಿಎಚ್ ಕಾಗದದ ಪಟ್ಟಿಯನ್ನು, ಬಳಸುವ ಪ್ರಮಾಣದಲ್ಲೇ ನೀರಿಗೆ ಬೆರೆಸಿದ ದ್ರವದಲ್ಲಿ ಅದ್ದಿ ನೋಡಿದರಾಯಿತು. ಬರಿಯ ನೀರನ್ನೂ ಅದೇ ರೀತಿ ಪರೀಕ್ಷಿಸಿ ಹೋಲಿಸುವುದು ಒಳ್ಳೆಯದು, ಏಕೆಂದರೆ ಕೊಳವೆ ಬಾವಿಯ ನೀರೇ ಕೆಲವೆಡೆ ಕ್ಷಾರದ ಕಡೆಗೆ ವಾಲಿರುತ್ತದೆ.

ಬೆಲೆಯನ್ನು ಹೋಲಿಸುವಾಗ ಸೀಸೆಯ ಬೆಲೆಯನ್ನಲ್ಲ, ಒಂದು ತೊಳೆತದ ಬೆಲೆಯನ್ನು ಹೋಲಿಸಬೇಕು. ಉದಾಹರಣೆಗೆ, 500 ಮಿಲಿಲೀಟರಿನ ಎರಡು ಸೀಸೆಗಳಿವೆಯೆಂದು ಭಾವಿಸೋಣ. ಒಂದರ ಬೆಲೆ 250 ರೂಪಾಯಿ, ಬೆರೆಸುವ ಪ್ರಮಾಣ ಒಂದು ಪಾಲಿಗೆ 200 ಪಾಲು ನೀರು. ಇನ್ನೊಂದರ ಬೆಲೆ 150 ರೂಪಾಯಿ, ಪ್ರಮಾಣ ಒಂದಕ್ಕೆ 50. ಹತ್ತು ಲೀಟರಿನ ಬಕೆಟ್ಟಿಗೆ ಮೊದಲನೆಯದು 50 ಮಿಲಿಲೀಟರ್ ಸಾಕು; ಹತ್ತು ತೊಳೆತವಾಗಿ, ತಲಾ 25 ರೂಪಾಯಿ ಬೀಳುತ್ತದೆ. ಎರಡನೆಯದು 200 ಮಿಲಿಲೀಟರ್ ಬೇಕು; ಎರಡೂವರೆ ತೊಳೆತಕ್ಕೆ ಸೀಸೆ ಬರಿದಾಗಿ, ತಲಾ 60 ರೂಪಾಯಿ ಬೀಳುತ್ತದೆ. ಅಗ್ಗದ್ದು ಯಾವುದೆಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಪ್ರಶ್ನೆ

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕವಾದ ಐಎಸ್ 10500ರ ಪ್ರಕಾರ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿ ಉಂಟು. ನಮ್ಮ ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು ನೀರೇ. ಅಂತಹ ನೀರು ಮೈಮೇಲೆ ಹಾಗೆಯೇ ಆರಿದರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ. ಬಿಸಿಲಿನಲ್ಲಿ ಕಾದ ಬಾನೆಟ್ಟಿನ ಮೇಲಂತೂ ಅವು ಅಚ್ಚೊತ್ತಿದಂತೆ ಕೂರುತ್ತವೆ. ಸಾದಾ ಸಾಬೂನು ಗಡಸು ನೀರಿನೊಡನೆ ಸೇರಿ ಜಿಡ್ಡುಗಸಿಯಾಗುವುದರಿಂದ ಅದು ಈ ಕೆಲಸಕ್ಕೆ ಸಲ್ಲದು. ನೆರಳಿನಲ್ಲಿ ತೊಳೆದು, ಆರುವ ಮೊದಲೇ ಒರೆಸುವುದು ಮೊದಲ ಪರಿಹಾರ. ಕುಳಿತ ಚುಕ್ಕೆಗೆ ನೀರು ಬೆರೆಸಿ ತೆಳುಗೊಳಿಸಿದ ವಿನಿಗರ್ ಹಚ್ಚಿ ಕೂಡಲೇ ತೊಳೆಯಬಹುದು. ಆ ಭಾಗಕ್ಕೆ ಮತ್ತೆ ಮೇಣ ಬೇಕಾದೀತು.

ಆರ್‌ಓ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ವಾಹನಕ್ಕೆ ಬಳಸುವುದು ಉಳಿತಾಯದ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ಆದರೆ ಲವಣಗಳೆಲ್ಲ ಸಾಂದ್ರವಾಗಿ ಉಳಿಯುವುದು ಆ ನೀರಿನಲ್ಲೇ ಎಂಬುದು ನೆನಪಿರಲಿ. ಕೆಸರು ಇಳಿಸಲು ಅದನ್ನು ಬಳಸಿ, ಕೊನೆಯ ಬಕೆಟ್ಟಿಗೆ ಸಂಗ್ರಹಿಸಿದ ಮಳೆನೀರನ್ನು ಬಳಸುವುದು ಲೇಸು.

ಬೆಂಗಳೂರಿನ ಸದಸ್ಯರಿಗೆ ಇದರಲ್ಲಿ ಕಾನೂನಿನ ಸಂಗತಿಯೂ ಉಂಟು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. 2025ರ ಫೆಬ್ರವರಿಯಲ್ಲಿಯೂ ಇಂತಹುದೇ ಆದೇಶ ಹೊರಟಿತು. ಇದರಿಂದಾಗಿ, ಮತ್ತೆ ನೀರು ಸುರಿಯುವ ಅಗತ್ಯವಿಲ್ಲದ ತೊಳೆಯುವ ದ್ರವಗಳತ್ತ ಗಮನ ಹರಿಸುವುದು ಸೂಕ್ತ. ಒಂದು ಬಕೆಟ್ಟು ನೀರಿಗೆ ಸ್ವಲ್ಪವೇ ಬೆರೆಸಿ, ಅದ್ದಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಹಿಂಬಾಲಿಸಿದರೆ ಕೆಲಸ ಮುಗಿಯಿತು. ನಗರದ ತೆಳು ಧೂಳಿಗೆ ಇದು ತಕ್ಕುದು. ಕೆಸರು ಮೆತ್ತಿದ ವ್ಯಾನಿಗಾಗಲಿ, ಸಂಡೂರು ಹೊಸಪೇಟೆಗಳ ಕಡೆ ಅದಿರಿನ ಧೂಳಿನಲ್ಲಿ ಓಡಾಡಿದ ವಾಹನಕ್ಕಾಗಲಿ ಇದು ಸಲ್ಲದು. ಅಲ್ಲಿ ನೀರು ಹಾಯಿಸಿ ಧೂಳನ್ನು ಇಳಿಸದೆ ಬಟ್ಟೆ ಮುಟ್ಟಿಸಲೇಬಾರದು.

ಬಟ್ಟೆಯ ಬಗ್ಗೆ ಎರಡೇ ಮಾತು. ಮೈಕ್ರೋಫೈಬರ್ ಬಟ್ಟೆಯನ್ನೇ ಬಳಸಿರಿ. ಚಕ್ರಕ್ಕೆ ಬಳಸಿದ್ದನ್ನು ಮೈಗೆ ಎಂದೂ ಬಳಸದಿರಿ. ಶಾಂಪೂ ನೀರಿಗೆ ಒಂದು, ಬಟ್ಟೆ ಜಾಲಿಸಲು ಇನ್ನೊಂದು ಹೀಗೆ ಎರಡು ಬಕೆಟ್ಟುಗಳಿದ್ದರೆ ಅರ್ಧ ಗೀರುಗಳು ತಪ್ಪುತ್ತವೆ.

ಪಾಲಿಶ್ ಬೇರೆ, ಮೇಣ ಬೇರೆ

ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಪಾಲಿಶ್ ಮತ್ತು ರಬ್ಬಿಂಗ್ ಕಾಂಪೌಂಡ್ ಎನ್ನುವವು ಸೂಕ್ಷ್ಮವಾಗಿ ಉಜ್ಜುವ ಕಣಗಳಿರುವ ಪದಾರ್ಥಗಳು. ಗೀರಿನ ಸುತ್ತಲಿನ ಪದರವನ್ನು ಸವೆಸಿ ಮಟ್ಟ ಮಾಡಿ ಹೊಳಪು ತರುತ್ತವೆ. ಮೇಣ ಯಾವುದನ್ನೂ ಸವೆಸುವುದಿಲ್ಲ. ಮೇಲೊಂದು ತೆಳು ಹೊದಿಕೆಯಾಗಿ ನಿಲ್ಲುತ್ತದೆ. ಮೊದಲನೆಯದು ಬಂಡವಾಳದಿಂದ ಹಣ ತೆಗೆದಂತೆ, ಎರಡನೆಯದು ಬಂಡವಾಳಕ್ಕೆ ಬೇಲಿ ಹಾಕಿದಂತೆ. ಆದರೆ ಅಂಗಡಿಯ ಕಪಾಟಿನಲ್ಲಿ ಇವೆರಡೂ ಪಾಲಿಶ್ ಎಂಬ ಒಂದೇ ಹೆಸರಿನಲ್ಲಿ ಕುಳಿತಿರುತ್ತವೆ. ಕ್ಲೀನರ್ ವ್ಯಾಕ್ಸ್ ಎಂಬ ಹೆಸರಿನವುಗಳಲ್ಲಿ ಹಲವು ಎರಡನ್ನೂ ಬೆರೆಸಿದವು. ತೆರಿಗೆಯ ವರ್ಗೀಕರಣವೂ ಇಲ್ಲಿ ನೆರವಾಗದು: ಎಚ್‌ಎಸ್‌ಎನ್ 3405ನೇ ಶೀರ್ಷಿಕೆಯಡಿ ವಾಹನದ ಪಾಲಿಶ್ ಮತ್ತು ಉಜ್ಜುವ ಲೇಪ ಎರಡೂ ಬರುತ್ತವೆ.

ಗ್ರಾಹಕನು ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಉಪಯೋಗಕ್ಕೆ ಬಾರದ ಸಿ.ಡಿ.ಯ ಹೊಳೆಯುವ ಬದಿಯ ಒಂದು ಭಾಗವನ್ನು ಬರಿಯ ಮೃದು ಬಟ್ಟೆಯಿಂದ ಹತ್ತು ಬಾರಿ ಉಜ್ಜಿರಿ; ಇನ್ನೊಂದು ಭಾಗವನ್ನು ಅದೇ ಬಟ್ಟೆಗೆ ಪದಾರ್ಥ ಹಚ್ಚಿ ಅಷ್ಟೇ ಬಾರಿ ಉಜ್ಜಿ ಒರೆಸಿರಿ. ಎರಡನೆಯ ಭಾಗ ಮಬ್ಬಾಗಿ ಗೀರು ಬಿದ್ದಿದ್ದರೆ ಅದರಲ್ಲಿ ಉಜ್ಜುವ ಕಣಗಳಿವೆ. ಅಂತಹುದನ್ನು ಗೀರು ತೆಗೆಯಲು ಅಪರೂಪಕ್ಕೆ ಬಳಸಬಹುದು, ತಿಂಗಳ ರೂಢಿಗೆ ಬೇಡ.

ಮೇಣಗಳಲ್ಲಿ ಹೆಸರಾದುದು ಕಾರ್ನೋಬಾ. ಈಶಾನ್ಯ ಬ್ರೆಜಿಲಿನಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಗಳಿಂದ ಇದನ್ನು ಪಡೆಯುತ್ತಾರೆ. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಗಟ್ಟಿ ಮೇಣವಿದು. ಶುದ್ಧ ರೂಪದಲ್ಲಿ ಹಚ್ಚಲು ಬಾರದ್ದರಿಂದ ದ್ರಾವಕಗಳನ್ನೂ ಇತರ ಮೇಣಗಳನ್ನೂ ಬೆರೆಸಿಯೇ ಮಾರುತ್ತಾರೆ. ಆದುದರಿಂದ ಡಬ್ಬಿಯ ಮೇಲಿನ ನೂರು ಪ್ರತಿಶತದ ಮಾತು ಇಡೀ ಡಬ್ಬಿಗೆ ಅನ್ವಯಿಸುವುದಿಲ್ಲ. ಕಪ್ಪು, ಕೆಂಪು ಕಾರುಗಳಿಗೆ ಇದು ಕೊಡುವ ಆಳವಾದ ಹೊಳಪು ಚೆಂದ, ಆದರೆ ಹೊರಗೆ ನಿಲ್ಲುವ ವಾಹನದ ಮೇಲೆ ಒಂದೆರಡು ತಿಂಗಳಿಗಿಂತ ಹೆಚ್ಚು ಬಾಳದು. ಕೃತಕ ಪಾಲಿಮರಿನ ಸೀಲಂಟ್‌ಗಳು ನಾಲ್ಕಾರು ತಿಂಗಳು ಬಾಳುತ್ತವೆ. ಮಾರಾಟದ ವ್ಯಾನಿಗೆ ನನ್ನ ಆಯ್ಕೆ ಎರಡನೆಯದೇ. ಬಿಳಿ ವ್ಯಾನಿನ ಮೇಲೆ ಕಾರ್ನೋಬಾದ ಹೊಳಪನ್ನು ಯಾರೂ ಗುರುತಿಸುವುದಿಲ್ಲ. ಸೆರಾಮಿಕ್ ಎಂಬ ಹೆಸರಿನ ಸಿಂಪಡಿಸುವ ಸೀಸೆಗಳು ಬಂದಿವೆ. ಅವು ಸುಲಭ, ಕೆಟ್ಟವೂ ಅಲ್ಲ. ಆದರೆ ಕಾರ್ಯಾಗಾರದಲ್ಲಿ ಮೈಯನ್ನು ಸಿದ್ಧಪಡಿಸಿ ಹಾಕುವ ಸೆರಾಮಿಕ್ ಲೇಪಕ್ಕೂ ಇವಕ್ಕೂ ಹೆಸರಿನ ಸಾಮ್ಯ ಮಾತ್ರ.

ಮೇಣವನ್ನು ತೊಳೆದು ಆರಿಸಿದ ಮೈಗೆ, ನೆರಳಿನಲ್ಲಿ, ತೆಳುವಾಗಿ ಹಚ್ಚಬೇಕು. ದಪ್ಪ ಹಚ್ಚಿದರೆ ಬಾಳಿಕೆ ಹೆಚ್ಚುವುದಿಲ್ಲ, ಒರೆಸುವ ಶ್ರಮ ಹೆಚ್ಚುತ್ತದೆ. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿಳಿ ಕಲೆ ನಿಲ್ಲುತ್ತದೆ. ಹೊಸದಾಗಿ ಮರುಬಣ್ಣ ಮಾಡಿಸಿದ ಭಾಗಕ್ಕೆ ಬಣ್ಣದವರು ಹೇಳಿದ ಅವಧಿ ಮುಗಿಯುವವರೆಗೆ ಹಚ್ಚಬಾರದು. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕಂತೂ ಇವು ಬೇಡವೇ ಬೇಡ.

ಆಯುಧಪೂಜೆಯ ಮುನ್ನ

ನಮ್ಮಲ್ಲಿ ವಾಹನಗಳು ವರ್ಷದಲ್ಲಿ ಒಮ್ಮೆಯಾದರೂ ಚೆನ್ನಾಗಿ ತೊಳೆಸಿಕೊಳ್ಳುವುದು ಆಯುಧಪೂಜೆಗೆ. ಅಂದೇ ಬಾನೆಟ್ಟಿಗೆ ಅರಿಸಿನ, ಕುಂಕುಮ, ಗಂಧ ಬೀಳುತ್ತವೆ. ಬರಿಯ ಮೈಮೇಲೆ ಈ ಬಣ್ಣಗಳು, ಅದರಲ್ಲೂ ತಿಳಿ ಬಣ್ಣದ ವಾಹನಗಳಲ್ಲಿ, ಬಹುಕಾಲ ಉಳಿಯುತ್ತವೆ. ಪೂಜೆಗೆ ಒಂದೆರಡು ದಿನ ಮೊದಲೇ ಮೇಣ ಹಚ್ಚಿ, ಮರುದಿನ ತಪ್ಪದೆ ತೊಳೆದರೆ ಕಲೆಯ ಭಯ ಬಹುಮಟ್ಟಿಗೆ ತಪ್ಪುತ್ತದೆ. ಅರಿಸಿನದ ಕಲೆಗೆ ಒಗೆಯುವ ಪುಡಿ ಹಾಕಿದರೆ ಅದು ಕೆಂಪಾಗಿ ತಿರುಗುವುದನ್ನು ಗೃಹಿಣಿಯರೆಲ್ಲ ಬಲ್ಲರು; ಕ್ಷಾರ ಮತ್ತು ಅರಿಸಿನದ ಸಹಜ ಕ್ರಿಯೆಯದು. ಗಾಬರಿಯಾಗಿ ಇನ್ನಷ್ಟು ತಿಕ್ಕದೆ, ಸೌಮ್ಯ ಶಾಂಪೂವಿನಿಂದ ತೊಳೆದು ಕೆಲದಿನ ಬಿಸಿಲಿಗೆ ಬಿಟ್ಟರೆ ಅರಿಸಿನದ ಬಣ್ಣ ತಾನಾಗಿ ಮಾಸುತ್ತದೆ.

ತಯಾರಕರು ಮತ್ತು ಮಾರಾಟಗಾರರಲ್ಲಿ ಒಂದು ವಿನಂತಿ

2011ರ ಕಾನೂನು ಮಾಪನ (ಪೊಟ್ಟಣ ಸಾಮಗ್ರಿ) ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಪದಾರ್ಥದ ಸಾಮಾನ್ಯ ಹೆಸರು, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸುವ ವಿವರಗಳನ್ನು ಮುದ್ರಿಸಬೇಕು. ಒಳಗೆ ಉಜ್ಜುವ ಕಣಗಳಿವೆಯೇ, ಪಿಎಚ್ ಎಷ್ಟು ಎಂಬುದನ್ನು ಆ ನಿಯಮಗಳು ಕೇಳುವುದಿಲ್ಲ. ಕೇಳದಿದ್ದರೂ ಮುದ್ರಿಸುವುದರಲ್ಲಿ ಸಣ್ಣ ತಯಾರಕನಿಗೆ ಲಾಭವಿದೆ. ದೊಡ್ಡ ಕಂಪನಿಗಳ ಜಾಹೀರಾತಿನೊಡನೆ ನಾವು ಸ್ಪರ್ಧಿಸಲಾರೆವು, ಚೀಟಿಯ ಸತ್ಯದಲ್ಲಿ ಸ್ಪರ್ಧಿಸಬಲ್ಲೆವು. "ಉಜ್ಜುವ ಕಣಗಳಿಲ್ಲ" ಎಂದೋ, "ಗೀರು ತೆಗೆಯಲು ಮಾತ್ರ, ಪದೇಪದೇ ಬಳಸಬಾರದು" ಎಂದೋ ಕನ್ನಡದಲ್ಲಿ ಸ್ಪಷ್ಟವಾಗಿ ಮುದ್ರಿಸಿದ ಸೀಸೆಯನ್ನು ಚಾಲಕನೂ ಓದಬಲ್ಲ. ಮಾರಾಟಗಾರರು ಕಪಾಟಿನಲ್ಲಿ ಇವೆರಡನ್ನು ಬೇರೆ ಬೇರೆ ಸಾಲಿನಲ್ಲಿ ಇಡುವುದಕ್ಕೆ ಖರ್ಚೇನೂ ಇಲ್ಲ.

ಬೆರೆಸುವ ಪ್ರಮಾಣವನ್ನು ಮಿಲಿಲೀಟರ್ ಮತ್ತು ಲೀಟರುಗಳಲ್ಲೇ ನಮೂದಿಸಬೇಕು. "ಒಂದು ಮುಚ್ಚಳ" ಎಂದಷ್ಟೇ ಬರೆದು, ಮುಂದಿನ ಸರಬರಾಜಿನಲ್ಲಿ ಬೇರೆ ಅಳತೆಯ ಮುಚ್ಚಳ ಬಂದರೆ ಚೀಟಿಯ ಮಾತು ಸುಳ್ಳಾಗುತ್ತದೆ; ಆದುದರಿಂದ ಮುಚ್ಚಳದ ಅಳತೆಯನ್ನು ಪ್ರತಿ ಬಾರಿಯೂ ಪರಿಶೀಲಿಸುವಂತೆ ಪ್ಯಾಕಿಂಗ್ ವಿಭಾಗದವರಿಗೆ ಸೂಚಿಸುವುದು ಒಳ್ಳೆಯದು.