ಪರದೇಶದಲ್ಲಿ ವಿದ್ಯಾರ್ಥಿಯ ವಸತಿ, ಊಟ, ವೆಚ್ಚ: ಜರ್ಮನಿಯ ನಿದರ್ಶನ

ವಿದ್ಯೆಯನ್ನರಸಿ ದೇಶಾಂತರಕ್ಕೆ ತೆರಳುವುದು ಹೊಸ ಪದ್ಧತಿಯೇನಲ್ಲ. 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದ ರೆವರೆಂಡ್ ಕಿಟ್ಟೆಲ್ಲರು ಇಲ್ಲಿಯ ನುಡಿಯನ್ನು ಕಲಿತು, 1894ರಲ್ಲಿ ತಮ್ಮ ಮಹಾನಿಘಂಟನ್ನು ಮಂಗಳೂರಿನಲ್ಲಿ ಬೆಳಕಿಗೆ ತಂದು, 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ಕಾಲವಶರಾದರು. ಇಂದು ದಾರಿ ತಿರುಗಿದೆ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಬೆಳೆದ ಮಕ್ಕಳು ಆ ದೇಶದ ವಿಶ್ವವಿದ್ಯಾಲಯಗಳಿಗೆ ಹೊರಟಿದ್ದಾರೆ.

ಅಂಥ ಒಬ್ಬ ಹಳೆಯ ವಿದ್ಯಾರ್ಥಿಯ ತಂದೆ ಹೊಲದ ಉತಾರವನ್ನು ಕೈಯಲ್ಲಿ ಹಿಡಿದು, ಬ್ಯಾಂಕಿಗೆ ಹೋಗುವ ಮುನ್ನ ನನ್ನ ಮನೆಗೆ ಬಂದರು. "ಮಾಸ್ತರ, ಅಲ್ಲಿ ಕಲಿಯೂದು ಪುಕ್ಕಟ ಅಂತಾರಲ್ರೀ. ಮತ್ತ ಈ ಹನ್ನೆರಡು ಲಕ್ಷ ಯಾಕ ಬೇಕ್ರೀ?" ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ನಾನು ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲವೆಂಬುದು ನಿಜ. ಆದರೆ ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು 2017ರಿಂದ ನಮ್ಮಂಥ ಯುರೋಪೇತರ ದೇಶಗಳ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತದೆ. ಆದ್ದರಿಂದ ರಾಜ್ಯವನ್ನೂ ವಿಶ್ವವಿದ್ಯಾಲಯವನ್ನೂ ಮೊದಲು ವಿಚಾರಿಸಬೇಕು. ಶುಲ್ಕವಿಲ್ಲದ ಕಡೆಯೂ ಸೆಮಿಸ್ಟರಿಗೊಮ್ಮೆ ಕೆಲವು ನೂರು ಯೂರೋಗಳ ವಂತಿಗೆಯುಂಟು. ಹಲವೆಡೆ ಅದರಲ್ಲಿಯೇ ಬಸ್ಸು-ರೈಲುಗಳ ಪಾಸೂ ಸೇರಿರುತ್ತದೆ.

ಹನ್ನೆರಡು ಲಕ್ಷವು ಶುಲ್ಕವಲ್ಲ, ಹುಡುಗನ ಜೀವನಾಂಶ. ವೀಸಾ ಬೇಡುವವನು ತನ್ನ ಒಂದು ವರ್ಷದ ಜೀವನಕ್ಕೆ ಹಣವಿದೆಯೆಂದು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋ ಎಂದು ಗೊತ್ತಾಯಿತು. ಯೂರೋ ಒಂದಕ್ಕೆ ನೂರು ರೂಪಾಯಿಯಂತೆ ಎಣಿಸಿದರೆ 11,90,400 ರೂಪಾಯಿ. ಅದನ್ನು ವಿದ್ಯಾರ್ಥಿಯ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ಇಡುತ್ತಾರೆ. ಅವನು ಅಲ್ಲಿ ಸೇರಿದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ.

ಇದರಲ್ಲಿ ಹೆಚ್ಚು ಪಾಲು ಬಾಡಿಗೆಗೆ ಸಲ್ಲುತ್ತದೆ. ವಿದ್ಯಾರ್ಥಿಸೇವಾ ಸಂಸ್ಥೆಗಳು ನಡೆಸುವ ನಿಲಯದ ಕೋಣೆ ಅನೇಕ ಊರುಗಳಲ್ಲಿ 300ರಿಂದ 450 ಯೂರೋಗೆ ದೊರೆಯುತ್ತದೆ. ಅದಕ್ಕೆ ಸರದಿ ದೀರ್ಘವಾದುದರಿಂದ ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಬೇಕು. ಮ್ಯೂನಿಕ್ಕಿನಂಥ ನಗರದಲ್ಲಿ ಹೊರಗಿನ ಕೋಣೆಯ ಬಾಡಿಗೆ 700 ಯೂರೋ ದಾಟುವುದೂ ಉಂಟು. ಜರ್ಮನರು ಬಾಡಿಗೆಯಲ್ಲಿ "ತಣ್ಣನೆಯದು", "ಬೆಚ್ಚನೆಯದು" ಎಂದು ಎರಡು ಬಗೆ ಹೇಳುತ್ತಾರೆ. ಬರಿಯ ಕೋಣೆಯದು ತಣ್ಣನೆಯ ಬಾಡಿಗೆ. ಚಳಿ ಕಾಯಿಸುವ ವ್ಯವಸ್ಥೆ, ನೀರು ಮೊದಲಾದವು ಸೇರಿದರೆ ಬೆಚ್ಚನೆಯದು. ಈ ಭೇದವನ್ನರಿಯದೆ ಒಪ್ಪಿದವನು ಚಳಿಗಾಲದಲ್ಲಿ ಪರಿತಪಿಸುತ್ತಾನೆ. ಕೋಣೆಯನ್ನು ನೋಡದೆ ಮುಂಗಡ ಕಳಿಸಿ ಮೋಸಹೋದವರೂ ಇದ್ದಾರೆ.

ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯನ ದೃಢೀಕರಣ ಪತ್ರ ಬೇಕು. ಅದನ್ನು ಕೊಡಲೊಪ್ಪದವನ ಮನೆ ಎಷ್ಟು ಅಗ್ಗವಾದರೂ ಬೇಡ.

ಊಟಕ್ಕೆ ತಾನೇ ಅಡಿಗೆ ಮಾಡಿಕೊಂಡರೆ ತಿಂಗಳಿಗೆ ಸುಮಾರು 200 ಯೂರೋ ಸಾಕು. ಅಕ್ಕಿ, ಬೇಳೆ, ತರಕಾರಿ ಎಲ್ಲ ಸಿಗುತ್ತವೆ. ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಶಾಕಾಹಾರವೂ ಉಂಟು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಂತೆ ಮುಗಿಸಬೇಕು. ಕಡ್ಡಾಯವಾದ ಆರೋಗ್ಯವಿಮೆಗೆ ಸುಮಾರು 145 ಯೂರೋ. ಬಾಡಿಗೆಯನ್ನು 350 ಎಂದಿಟ್ಟುಕೊಂಡರೆ ಈ ಮೂರೂ ಸೇರಿ 695 ಆಗುತ್ತದೆ. ಉಳಿದ 297ರಲ್ಲಿ ವಂತಿಗೆ, ಪುಸ್ತಕ, ಬಟ್ಟೆ, ದೂರವಾಣಿ ಎಲ್ಲವೂ ನಡೆಯಬೇಕು.

ತಂದೆತಾಯಿಗಳು ಮರೆಯುವ ಸಂಗತಿಯೊಂದಿದೆ. ಮನೆಯೊಡೆಯನು ಮೂರು ತಿಂಗಳ ತಣ್ಣನೆಯ ಬಾಡಿಗೆಯಷ್ಟು ಠೇವಣಿಯನ್ನು ಕೇಳಬಹುದು. ಮೊದಲ ತಿಂಗಳ ಬಾಡಿಗೆಯೂ ಆಗಲೇ ಬೇಕು. ಖಾತೆಯ ಹಣ ಕೈಗೆ ಬರುವ ಮುನ್ನವೇ ಈ ಖರ್ಚು ಬಂದೊದಗುತ್ತದೆ. ಆದುದರಿಂದ ಒಂದೂವರೆ-ಎರಡು ಸಾವಿರ ಯೂರೋ ಬೇರೆಯಾಗಿಯೇ ಇರಬೇಕು.

"ದುಡಿದು ಓದುತ್ತೇನೆ" ಎನ್ನುವ ಹುಡುಗರ ಕಾಯಕನಿಷ್ಠೆ ಮೆಚ್ಚತಕ್ಕದ್ದೇ. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೆ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಆದರೆ ಜರ್ಮನ್ ನುಡಿ ಬಾರದವನಿಗೆ ಕೆಲಸ ದೊರೆಯುವುದು ಕಷ್ಟ. ಮೊದಲ ವರ್ಷದ ಲೆಕ್ಕದಲ್ಲಿ ಈ ಸಂಪಾದನೆಯನ್ನು ಹಿಡಿಯದಿರುವುದೇ ವಿವೇಕ.

ಇಷ್ಟನ್ನೂ ಕೇಳಿದ ಆ ಹಿರಿಯರು, "ಅಂದ್ರ ಇದು ಹುಡುಗನ ಉಣ್ಣೂ ರೊಕ್ಕ ಆತಲ್ರೀ" ಎಂದು ಉತಾರವನ್ನು ಮಡಿಚಿಕೊಂಡರು. ನಮ್ಮಲ್ಲಿ ಹತ್ತು ವರ್ಷ ಉಂಡ ಹುಡುಗನ ಅನ್ನಕ್ಕೆ ಅವರು ಹೊಲವನ್ನು ಅಡವಿಡುವುದೆಂದರೆ ನಮ್ಮ ದಾಸೋಹ ಅರ್ಧದಾರಿಯಲ್ಲಿ ನಿಂತಂತೆಯೇ ಸರಿ. ದಾನಿಗಳು ಬಡ್ಡಿಯಿಲ್ಲದ ನಿಧಿಯೊಂದನ್ನು ಸ್ಥಾಪಿಸಿದರೆ ಉದ್ಯೋಗ ದೊರೆತ ಮೇಲೆ ಹುಡುಗರು ಅದನ್ನು ತುಂಬಿಕೊಡಬಲ್ಲರು. ಅಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಹೊಸಬನಿಗೆ ಮೊದಲ ಎರಡು ವಾರ ಇರಲು ಎಡೆ ಕೊಟ್ಟರೆ ಅದೂ ಪ್ರಸಾದವೇ. ಶ್ರೀಮಠದ ಪೂಜ್ಯರು ಈ ವಿಷಯವನ್ನು ಪರಾಂಬರಿಸಬೇಕೆಂದು ಸವಿನಯವಾಗಿ ಬಿನ್ನವಿಸುತ್ತೇನೆ.