ಹುತ್ತರಿ ಗದ್ದೆಯಲ್ಲಿ ಮ್ಯಾಗ್ನೆಟೋಮೀಟರ್

ನಮ್ಮ ಮಿನಿ ಪ್ರಾಜೆಕ್ಟ್ ರೋವರ್‌ಗೆ ಉತ್ತರ ಯಾವ ಕಡೆ ಅಂತಾನೇ ಗೊತ್ತಿರಲಿಲ್ಲ. ಕ್ಯೂಎಂಸಿ5883ಎಲ್ ಮಾಡ್ಯೂಲ್ ಹಾಕಿದ್ವಿ, ಕೋಡ್ ಓಡ್ತಿತ್ತು. ಆದ್ರೆ ಪೂರ್ವಕ್ಕೆ ತಿರುಗಿಸಿದ್ರೆ ಒಂದು ತಪ್ಪು, ದಕ್ಷಿಣಕ್ಕೆ ತಿರುಗಿಸಿದ್ರೆ ಇನ್ನೊಂದು. "ಕೋಡಲ್ಲಿ 30 ಡಿಗ್ರಿ ಕಳೆದುಬಿಡೋಣ, ಡೆಮೋ ದಿನ ಒಂದೇ ದಿಕ್ಕಲ್ಲಿ ನಿಲ್ಲಿಸಿದ್ರಾಯ್ತು" ಅಂದ ಪಾರ್ಟ್ನರ್. ಸುಳ್ಳು ಯಾಕೆ, ನನಗೂ ಸರಿ ಅನ್ನಿಸಿತ್ತು. ಅಷ್ಟರಲ್ಲಿ ಹುತ್ತರಿ ಬಂತು. ರೋವರನ್ನು ಬ್ಯಾಗಿಗೆ ತುರುಕಿ ಮಡಿಕೇರಿ ಬಸ್ ಹತ್ತಿದೆ.

ಮೊದಲು ಅಳೆಯೋದು ಏನು ಅಂತ ನೋಡೋಣ. ಕೊಡಗಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ, ನಮ್ಮಲ್ಲಿ ಈ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ. ಅಂದ್ರೆ ಸೆನ್ಸರನ್ನು ಮಟ್ಟವಾಗಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಎಕ್ಸ್, ವೈ ಎರಡೂ +40ರಿಂದ -40ರವರೆಗೆ ಓಡಾಡಬೇಕು. ಎರಡನ್ನೂ ಪ್ಲಾಟ್ ಮಾಡಿದರೆ ಸೊನ್ನೆಯ ಸುತ್ತ ಒಂದು ವೃತ್ತ.

ಹಾಸ್ಟೆಲ್‌ನಲ್ಲಿ ಬಂದಿದ್ದು ವೃತ್ತವೂ ಅಲ್ಲ, ಮೊಟ್ಟೆಯೂ ಅಲ್ಲ. ಕೂತಿದ್ದು ಕಬ್ಬಿಣದ ಮಂಚದ ಮೇಲೆ! ಮನೆ ಹಿಂದಿನ ಗದ್ದೆಗೆ ಹೋದಾಗ ಚೆಂದದ ವೃತ್ತ ಬಂತು, ಆದ್ರೆ ಕೇಂದ್ರ ಪಕ್ಕಕ್ಕೆ ಸರಿದಿತ್ತು. ಎಕ್ಸ್ ಗರಿಷ್ಠ 64, ಕನಿಷ್ಠ -16. ಎರಡನ್ನೂ ಕೂಡಿಸಿ ಅರ್ಧ ಮಾಡಿದ್ರೆ 24, ಅದೇ ಆಫ್‌ಸೆಟ್. 40ರ ಕ್ಷೇತ್ರದ ಮೇಲೆ 24 ಕೂತರೆ ದಿಕ್ಕಿನಲ್ಲಿ 37 ಡಿಗ್ರಿವರೆಗೂ ತಪ್ಪಾಗುತ್ತೆ, ಅದೂ ಮುಖ ತಿರುಗಿಸಿದ ಹಾಗೆ ಬದಲಾಗುತ್ತೆ. ಕೋನದಲ್ಲಿ 30 ಕಳೆಯೋದು ಯಾಕೆ ಕೆಲಸ ಮಾಡಲ್ಲ ಅಂತ ಅಲ್ಲೇ ಗೊತ್ತಾಯ್ತು. ಕಳೀಬೇಕಾದ್ದು ಎಕ್ಸ್‌ನಿಂದ 24.

ಮಧ್ಯೆ ಅಣ್ಣ ಕೋವಿ ಹಿಡ್ಕೊಂಡು "ಏನೋ ಇದು" ಅಂತ ಬಗ್ಗಿದ. ರೀಡಿಂಗ್ ಎಲ್ಲೋ ಹಾರಿತು. ಇದನ್ನು ಕಳೆಯೋಕಾಗಲ್ಲ. ರೋವರ್ ಜೊತೆಗೇ ತಿರುಗೋ ಕಬ್ಬಿಣವನ್ನು ಮಾತ್ರ ಹೀಗೆ ಕಳೆಯಬಹುದು. ಕೋವಿ, ಮಂಚ, ಕುಡುಗೋಲು ಎಲ್ಲ ದೂರ ಇರಬೇಕು, ಅಷ್ಟೆ.

ಹಾಗಾದ್ರೆ ರೋವರ್ ಮೇಲಿನ ಕಳ್ಳ ಯಾರು? ಸ್ಟೀಲ್ ಕವಚದ ಬ್ಯಾಟರಿ, ಮತ್ತೆ ಮೋಟರ್ ಒಳಗಿನ ಮ್ಯಾಗ್ನೆಟ್. ಸೆನ್ಸರನ್ನು ಅರ್ಧ ಮೀಟರ್ ಬಿದಿರು ಕಡ್ಡಿಯ ತುದಿಗೆ ಕಟ್ಟಿದೆ. ಈಗ 43, -37. ಆಫ್‌ಸೆಟ್ ಬರೀ 3!

ಆದಿತ್ಯ-ಎಲ್1ರಲ್ಲೂ ಇದೇ ಉಪಾಯ. ಅದರ ಮ್ಯಾಗ್ನೆಟೋಮೀಟರ್ ತಯಾರಾಗಿದ್ದು ಬೆಂಗಳೂರಿನಲ್ಲಿ, ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. 2024ರ ಜನವರಿ 11ರಂದು 6 ಮೀಟರ್ ಉದ್ದದ ಬೂಮ್ ಸುಮಾರು 9 ಸೆಕೆಂಡಿನಲ್ಲಿ ಬಿಚ್ಚಿಕೊಂಡಿತು. ಅಲ್ಲಿ ಅಳೆಯಬೇಕಾದ್ದು ಕೆಲವೇ ನ್ಯಾನೋಟೆಸ್ಲಾ, ನಮ್ಮ ಗದ್ದೆಗಿಂತ ಸಾವಿರಾರು ಪಟ್ಟು ಕಡಿಮೆ. ಹಾಗಾಗಿ ನೌಕೆಯ ಸ್ವಂತ ಕ್ಷೇತ್ರವೇ ದೊಡ್ಡ ಗಲಾಟೆ. ನನಗೆ ಇಷ್ಟವಾಗಿದ್ದು ಒಂದಲ್ಲ, ಎರಡು ಫ್ಲಕ್ಸ್‌ಗೇಟ್ ಸೆನ್ಸರ್ ಇಟ್ಟಿರೋದು: 3 ಮೀಟರ್‌ಗೊಂದು, 6 ಮೀಟರ್‌ಗೊಂದು. ನೌಕೆಯನ್ನು ಪುಟ್ಟ ಆಯಸ್ಕಾಂತ ಅಂದ್ಕೊಂಡ್ರೆ, ದೂರ ಎರಡು ಪಟ್ಟಾದಾಗ ಅದರ ಕ್ಷೇತ್ರ ಎಂಟರಲ್ಲಿ ಒಂದು ಪಾಲಾಗುತ್ತೆ. ಉದಾಹರಣೆಗೆ ಹತ್ತಿರದ್ದು 13, ದೂರದ್ದು 6 ತೋರಿಸಿತು ಅನ್ನಿ. ವ್ಯತ್ಯಾಸ 7, ಅದನ್ನು 7ರಿಂದ ಭಾಗಿಸಿದರೆ 1. ಇದು ದೂರದ ಸೆನ್ಸರ್ ಮೇಲೆ ನೌಕೆಯ ಪಾಲು. ನಿಜವಾದ ಕ್ಷೇತ್ರ 5. ಸ್ಲ್ಯಾಮ್ ಬುಕ್‌ನಲ್ಲಿ ಬರೆಯೋ ಲೆಕ್ಕದಷ್ಟು ಸುಲಭ!

ಡೆಮೋ ದಿನ ಕೊಟ್ಟಿದ್ದು ಸ್ಟೀಲ್ ಟೇಬಲ್. "ಹೊರಗೆ ಗ್ರೌಂಡಲ್ಲಿ ತೋರಿಸ್ತೀವಿ ಸರ್" ಅಂದ್ವಿ. ಬಿದಿರು ಕಡ್ಡಿ ನೋಡಿ ಎಲ್ಲರೂ ನಕ್ಕರು, ಆದ್ರೆ ಯಾವ ಕಡೆ ತಿರುಗಿಸಿದ್ರೂ ಬಾಣ ಉತ್ತರಕ್ಕೇ ಇತ್ತು.